ಊರಿನ ಆಗಸ್ಟ್ 15ಕ್ಕೆ ಸರ್ಕಾರದ ದುಡ್ಡು: ಯಾವ ಬಾಗಿಲು, ಯಾವ ಕಾಗದ, ಯಾವಾಗ

ಜುಲೈ ಕೊನೆಯ ವಾರ ನಮ್ಮೂರ ಹನುಮಪ್ಪನ ಗುಡಿ ಕಟ್ಟೆಯ ಮೇಲೆ ಒಂದು ಸಭೆ ಆಗುತ್ತದೆ. ವರ್ಷಾ ವರ್ಷಾ ಅದೇ ಸಭೆ, ಅದೇ ಮಾತು. ‘ಈ ಸಲ ಆಗಸ್ಟ್ 15 ಜೋರ್ ಮಾಡೂನು’ ಅಂತ ಒಬ್ಬ, ‘ರೊಕ್ಕ ಎಲ್ಲಿಂದ ತರ್ತಿ?’ ಅಂತ ಇನ್ನೊಬ್ಬ, ‘ಸರ್ಕಾರ ಕೊಡತೈತಂತಲ್ಲೋ’ ಅಂತ ಮೂರನೆಯವ. ಮೂರನೆಯವನ ಮಾತು ಸುಳ್ಳಲ್ಲ. ಆದರೆ ಜುಲೈ ಕೊನೆಯಲ್ಲಿ ಆಡಿದರೆ ಅದು ಮುಂದಿನ ವರ್ಷದ ಮಾತಾಯಿತು.

ಮುಧೋಳ ತಾಲ್ಲೂಕಿನ ಒಂದು ಹಳ್ಳಿಯ ಯುವಕ ಸಂಘದ ಕಾಗದಪತ್ರ ನೋಡಿಕೊಳ್ಳುವ ಕೆಲಸ ನನ್ನದು. ಪಂಚಾಯಿತಿ, ತಾಲ್ಲೂಕು ಕಚೇರಿ, ಜಿಲ್ಲಾ ಕಚೇರಿಗಳಿರುವ ಬಾಗಲಕೋಟೆಯ ನವನಗರ ಅಂತ ಓಡಾಡಿ ಕಲಿತದ್ದನ್ನು ಬರೆಯುತ್ತಿದ್ದೇನೆ. ಬೆಳಗಾವಿ, ವಿಜಯಪುರ ಜಿಲ್ಲೆಯವರಿಗೂ ಬಹುತೇಕ ಇದೇ ದಾರಿ. ಕಚೇರಿ ಇರುವ ಊರು ಬೇರೆ, ಅಷ್ಟೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ‘ಸ್ವಾತಂತ್ರ್ಯ ದಿನಕ್ಕೆ ಇಷ್ಟು’ ಅಂತ ಊರ ಸಂಘದ ಕೈಗೆ ಗಂಟು ಇಡುವ ಯೋಜನೆ ಹುಡುಕುತ್ತ ಹೊರಟರೆ ಚಪ್ಪಲಿ ಸವೆಯುತ್ತದೆ, ಗಂಟು ಸಿಗುವುದಿಲ್ಲ. ಸರ್ಕಾರ ಕೊಡುವುದು ತುಂಡು ತುಂಡಾಗಿ. ಒಬ್ಬರು ಪೆಂಡಾಲಿನ ಬಿಲ್ಲು ಕಟ್ಟುತ್ತಾರೆ, ಇನ್ನೊಬ್ಬರು ಕಲಾತಂಡ ಕಳಿಸುತ್ತಾರೆ, ಮತ್ತೊಬ್ಬರು ಮೈದಾನ ಕೊಡುತ್ತಾರೆ. ಅದಕ್ಕೇ ನಮ್ಮ ಮೊದಲ ಕೆಲಸ ಅರ್ಜಿ ಬರೆಯುವುದಲ್ಲ, ಹಬ್ಬವನ್ನು ತುಂಡು ಮಾಡುವುದು.

ಹಬ್ಬವನ್ನು ತುಂಡು ಮಾಡಿ

ಒಂದು ನೋಟ್‌ಬುಕ್ಕಿನ ಹಾಳೆಯಲ್ಲಿ ಎಡಕ್ಕೆ ಖರ್ಚಿನ ಬಾಬ್ತು, ಬಲಕ್ಕೆ ‘ಯಾರು ಕೊಟ್ಟಾರು’ ಅಂತ ಎರಡು ಕಾಲಂ ಹಾಕಿ. ನಮ್ಮ ಹಾಳೆ ಹೀಗಿರುತ್ತದೆ: ಶಾಮಿಯಾನ, ಕುರ್ಚಿ, ಮೈಕು – ಪಂಚಾಯಿತಿ. ಮೈದಾನ ಸ್ವಚ್ಛ ಮಾಡುವುದು, ನೀರಿನ ಟ್ಯಾಂಕರ್ – ಪಂಚಾಯಿತಿ, ಆದರೆ ದುಡ್ಡಲ್ಲ, ಅವರದೇ ಆಳು, ಅವರದೇ ಗಾಡಿ. ಸಂಜೆಯ ಲಾವಣಿ, ಡೊಳ್ಳು – ಕನ್ನಡ ಮತ್ತು ಸಂಸ್ಕೃತಿ ಇಲಾಖೆ. ಮಕ್ಕಳ ಓಟ, ಕಬಡ್ಡಿ – ಯುವಜನ ಸೇವೆಯವರನ್ನು ಕೇಳುವುದು. ಬೂಂದಿ, ಪೆಡೆ, ಬಹುಮಾನದ ಪಾತ್ರೆ – ಊರ ದೇಣಿಗೆ.

ಕೊನೆಯ ಸಾಲನ್ನು ಸರ್ಕಾರದ ಮೇಲೆ ಹಾಕಬೇಡಿ ಅನ್ನುವುದು ನನ್ನ ಸ್ವಂತ ಅಭಿಪ್ರಾಯ. ಸಿಹಿ, ಊಟ, ಸನ್ಮಾನದ ಶಾಲು ಕಂಡ ಕೂಡಲೇ ಆಡಿಟ್‌ನವರ ಹುಬ್ಬು ಮೇಲೇರುತ್ತದೆ. ಹೇಗೂ ಮಕ್ಕಳ ಕೈಗೆ ಪೆಡೆ ಇಡುವ ಭಾಗ್ಯ ನನಗಿರಲಿ ಅನ್ನುವವರು ಪ್ರತಿ ಊರಲ್ಲೂ ನಾಲ್ಕು ಮನೆ ಇರುತ್ತಾರೆ.

ಸಂಘದ ಕಾಗದ ಜೀವಂತ ಇದೆಯೇ?

ಪಂಚಾಯಿತಿಯಿಂದ ಪೆಂಡಾಲು ಹಾಕಿಸಲಿಕ್ಕೆ ನೋಂದಾಯಿತ ಸಂಘವೇ ಬೇಕಿಲ್ಲ. ಊರವರು ಕೂಡಿ ಕೊಟ್ಟ ಅರ್ಜಿ ಸಾಕು. ಆದರೆ ಯಾವುದೇ ಇಲಾಖೆಯ ಧನಸಹಾಯ ಸಂಘದ ಖಾತೆಗೆ ಬರಬೇಕಾದರೆ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿ ನೋಂದಣಿ ಆಗಿರಬೇಕು. ಕನಿಷ್ಠ 7 ಜನ ಸದಸ್ಯರು, ಬೈಲಾ (ಸಂಘದ ನಿಯಮಾವಳಿ), ಕಚೇರಿ ವಿಳಾಸದ ದಾಖಲೆ ಹಿಡಿದು ಜಿಲ್ಲೆಯ ಸಹಕಾರ ಸಂಘಗಳ ಉಪನಿಬಂಧಕರ ಕಚೇರಿಗೆ ಹೋಗಬೇಕು.

ನೋಂದಣಿ ಮಾಡಿಸಿ ಸರ್ಟಿಫಿಕೇಟಿಗೆ ಫ್ರೇಮ್ ಹಾಕಿ ಗೋಡೆಗೆ ತೂಗುಹಾಕಿದರೆ ಮುಗಿಯಲಿಲ್ಲ. ಪ್ರತಿ ವರ್ಷ ಸರ್ವಸದಸ್ಯರ ಸಭೆ ಮಾಡಿ, ಆಡಳಿತ ಮಂಡಳಿಯ ಪಟ್ಟಿ ಮತ್ತು ಆಡಿಟ್ ಆದ ಲೆಕ್ಕವನ್ನು ಅದೇ ಕಚೇರಿಗೆ ಸಲ್ಲಿಸಬೇಕು. ಹತ್ತರಲ್ಲಿ ಎಂಟು ಸಂಘ ಮುಗ್ಗರಿಸುವುದು ಇಲ್ಲೇ ಅನ್ನುವುದು ನಾನು ಕಣ್ಣಾರೆ ಕಂಡದ್ದು. ನಮ್ಮ ಸಂಘದ್ದೂ ನಾಲ್ಕು ವರ್ಷದ ಲೆಕ್ಕ ಬಾಕಿ ಇತ್ತು. ದಂಡ ಕಟ್ಟಿ, ಹಳೆಯ ರಸೀದಿ ಹುಡುಕಿ, ಲೆಕ್ಕಪರಿಶೋಧಕರ ಮುಂದೆ ಕೂತು ಸರಿಮಾಡಿಸುವಷ್ಟರಲ್ಲಿ ಅರ್ಜಿಯ ಕೊನೆಯ ದಿನ ದಾಟಿ ಹೋಗಿತ್ತು.

ಜೊತೆಗೆ ಸಂಘದ ಹೆಸರಿನಲ್ಲೇ ಪಾನ್ ಕಾರ್ಡ್, ಸಂಘದ ಹೆಸರಿನಲ್ಲೇ ಬ್ಯಾಂಕ್ ಖಾತೆ ಬೇಕು. ಖಾತೆಗೆ ಇಬ್ಬರ ಜಂಟಿ ಸಹಿ ಇರಲಿ. ಅಧ್ಯಕ್ಷರ ಸ್ವಂತ ಖಾತೆಗೆ ದುಡ್ಡು ತರಿಸಿ ಆಮೇಲೆ ಹಂಚಿಕೊಳ್ಳೋಣ ಎನ್ನುವ ಉಪಾಯ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಕೇಂದ್ರ ಸರ್ಕಾರದ ಕಡೆಗೂ ಕಣ್ಣಿದ್ದರೆ ನೀತಿ ಆಯೋಗದ ಎನ್‌ಜಿಒ ದರ್ಪಣ್ ಪೋರ್ಟಲಿನಲ್ಲಿ ಹೆಸರು ನೋಂದಾಯಿಸಿ ಒಂದು ಐಡಿ ಪಡೆದಿಟ್ಟುಕೊಳ್ಳಿ. ಅದಕ್ಕೆ ಶುಲ್ಕವಿಲ್ಲ, ತಾಳ್ಮೆ ಬೇಕು.

ಪಂಚಾಯಿತಿ: ಹತ್ತಿರದ ಬಾಗಿಲು, ಮೊದಲ ಬಾಗಿಲು

ಪಂಚಾಯಿತಿ ಅಂದ ಕೂಡಲೇ ಜನ ‘ಹಣಕಾಸು ಆಯೋಗದ್ದು ಲಕ್ಷಗಟ್ಟಲೆ ಬಂದೈತಿ, ಅದರಾಗ ಕೊಡ್ರಿ’ ಅನ್ನುತ್ತಾರೆ. ಆ ದುಡ್ಡು ಹಬ್ಬಕ್ಕಲ್ಲ. 2021ರಿಂದ 2026ರವರೆಗಿನ 15ನೇ ಹಣಕಾಸು ಆಯೋಗದ ಅನುದಾನವನ್ನೇ ನೋಡಿ: ಶೇ 60 ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಅಂತಲೇ ಕಟ್ಟಿಟ್ಟದ್ದು. ಉಳಿದ ಶೇ 40 ಕೂಡ ಊರಿನ ಮೂಲ ಅಗತ್ಯದ ಕೆಲಸಕ್ಕೆ. ಅದರಿಂದ ಶಾಮಿಯಾನ ಹಾಕಿಸು ಅಂತ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರನ್ನು ಕಾಡಿದರೆ ಅವರ ನೌಕರಿಗೆ ಕುತ್ತು, ನಮಗೆ ಇಲ್ಲ ಅನ್ನುವ ಉತ್ತರ.

ಕೇಳಬೇಕಾದದ್ದು ‘ಸ್ವಂತ ಸಂಪನ್ಮೂಲ’ದ ದುಡ್ಡು. ಮನೆ ತೆರಿಗೆ, ನೀರಿನ ಕರ, ಸಂತೆ ಕರ, ಅಂಗಡಿ ಲೈಸೆನ್ಸು, ಮಳಿಗೆ ಬಾಡಿಗೆ ಇವುಗಳಿಂದ ಬರುವ ಹಣ ಅದು. ಊರು ತೆರಿಗೆ ಕಟ್ಟದೆ ಕೂತಿದ್ದರೆ ಅಲ್ಲಿ ಏನೂ ಇರುವುದಿಲ್ಲ. ಹೀಗಾಗಿ ಅರ್ಜಿ ಹಿಡಿದು ಹೋಗುವ ಮೊದಲು ಸಂಘದ ಪದಾಧಿಕಾರಿಗಳೆಲ್ಲ ತಂತಮ್ಮ ಮನೆ ತೆರಿಗೆ ಚುಕ್ತಾ ಮಾಡಿರಿ. ತಮಾಷೆಗೆ ಹೇಳುತ್ತಿಲ್ಲ. ‘ನಿಮ್ಮದ ಮೂರು ವರ್ಷದ್ದು ಬಾಕಿ ಐತಲ್ರೀ’ ಅಂತ ತುಂಬಿದ ಸಭೆಯಲ್ಲಿ ಒಬ್ಬರು ಅಂದರೆ ಅಲ್ಲಿಗೆ ಅರ್ಜಿಯ ಕತೆ ಮುಗಿಯಿತು.

ಈಗ ಸಮಯದ ಲೆಕ್ಕ. ಪಂಚಾಯಿತಿಯ ವರ್ಷ ಏಪ್ರಿಲ್‌ನಿಂದ ಮಾರ್ಚ್. ಮುಂದಿನ ವರ್ಷದ ಬಜೆಟ್ ಮಾರ್ಚ್ ಮುಗಿಯುವುದರೊಳಗೆ ಆಗಬೇಕು. ಆಗಸ್ಟ್ 15ರ ಖರ್ಚು ಆ ಬಜೆಟ್ಟಿನಲ್ಲಿ ‘ರಾಷ್ಟ್ರೀಯ ಹಬ್ಬಗಳ ಆಚರಣೆ’ ಅನ್ನುವ ಒಂದು ಸಾಲಾಗಿ ಕೂತಿರಬೇಕು. ಅಂದರೆ ನಿಮ್ಮ ಅರ್ಜಿ ಜನವರಿ, ಫೆಬ್ರುವರಿಯಲ್ಲೇ ಒಳಗೆ ಹೋಗಬೇಕು. ಜನವರಿ 26ರ ಧ್ವಜಾರೋಹಣ ಮುಗಿದ ಮೇಲೆ ಚಹಾ ಕುಡಿಯುತ್ತ ನಿಂತಿರುತ್ತಾರಲ್ಲ ಅಧ್ಯಕ್ಷರು, ಸದಸ್ಯರು, ಪಿಡಿಒ, ಎಲ್ಲರೂ ಒಂದೇ ಕಡೆ. ಆಗಸ್ಟಿನ ಮಾತು ತೆಗೆಯಲಿಕ್ಕೆ ಅದಕ್ಕಿಂತ ಒಳ್ಳೆಯ ಗಳಿಗೆ ಇಲ್ಲ.

ಬಜೆಟ್ಟಿನಲ್ಲಿ ಸಾಲು ಬಂದ ಮೇಲೆ ಜುಲೈ ತಿಂಗಳ ಸಾಮಾನ್ಯ ಸಭೆಯಲ್ಲಿ ಠರಾವು, ಅಂದರೆ ನಿರ್ಣಯ, ಆಗಬೇಕು. ಠರಾವಿನ ಭಾಷೆ ಸಡಿಲಾದರೆ ಬಿಲ್ಲು ನಿಲ್ಲುತ್ತದೆ. ನಾವು ಅರ್ಜಿಯ ಜೊತೆ ಠರಾವಿನ ಕರಡನ್ನೂ ಕೊಡುತ್ತೇವೆ, ಬರೆಯುವವರಿಗೆ ಅನುಕೂಲವಾಗುತ್ತದೆ:

‘ದಿನಾಂಕ 15-08ರಂದು ಸ್ವಾತಂತ್ರ್ಯ ದಿನಾಚರಣೆಯನ್ನು ಗ್ರಾಮ ಪಂಚಾಯಿತಿ ವತಿಯಿಂದ ಶಾಲಾ ಮೈದಾನದಲ್ಲಿ ಆಚರಿಸುವುದು; ಶಾಮಿಯಾನ, ಆಸನ, ಧ್ವನಿವರ್ಧಕ ಹಾಗೂ ಕುಡಿಯುವ ನೀರಿನ ವೆಚ್ಚವನ್ನು ಬಜೆಟ್ಟಿನಲ್ಲಿ ಕಾಯ್ದಿರಿಸಿದ ಮೊತ್ತದ ಮಿತಿಯಲ್ಲಿ ಸ್ವಂತ ಸಂಪನ್ಮೂಲದಿಂದ ಭರಿಸುವುದು; ಕಾರ್ಯಕ್ರಮದ ನಿರ್ವಹಣೆಗೆ ಗ್ರಾಮದ ಯುವಕ ಸಂಘದ ಸಹಕಾರ ಪಡೆಯುವುದು ಎಂದು ಸರ್ವಾನುಮತದಿಂದ ತೀರ್ಮಾನಿಸಲಾಯಿತು.’

ಇಲ್ಲಿ ‘ಪಂಚಾಯಿತಿ ವತಿಯಿಂದ’ ಅನ್ನುವುದೇ ಕೀಲಿ. ಹಬ್ಬ ಪಂಚಾಯಿತಿಯದು, ನಾವು ಸಹಕಾರ ಕೊಡುವವರು. ‘ಸಂಘಕ್ಕೆ ಇಷ್ಟು ದುಡ್ಡು ನೀಡುವುದು’ ಅಂತ ಬರೆಸಿದಿರೋ, ಆಕ್ಷೇಪಣೆಗೆ ನೀವೇ ಬಾಗಿಲು ತೆರೆದ ಹಾಗೆ. ದುಡ್ಡು ನಮ್ಮ ಕೈಗೆ ಬರುವುದೂ ಇಲ್ಲ. ಬಿಲ್ಲು ಬಂದ ಮೇಲೆ ಪಂಚಾಯಿತಿ ಖಾತೆಯಿಂದ ನೇರವಾಗಿ ಶಾಮಿಯಾನದವರ ಖಾತೆಗೆ ಹೋಗುತ್ತದೆ. ನಮ್ಮ ಮರ್ಯಾದೆ ಉಳಿಯುವುದೂ ಇದರಿಂದಲೇ.

ಪಟ್ಟಣದಲ್ಲಿ ಇರುವವರು ಪಂಚಾಯಿತಿ ಎಂದಲ್ಲಿ ಪುರಸಭೆ, ನಗರಸಭೆ ಎಂದು ಓದಿಕೊಳ್ಳಿ. ಪಿಡಿಒ ಬದಲು ಮುಖ್ಯಾಧಿಕಾರಿ ಅಥವಾ ಪೌರಾಯುಕ್ತರು. ಬಜೆಟ್ಟಿಗೆ ಮುಂಚೆ ಸಾರ್ವಜನಿಕರ ಸಲಹೆ ಕೇಳುವ ಸಭೆ ಕರೆಯುತ್ತಾರೆ. ಆ ಸಭೆಗೆ ಹೋಗುವವರು ಬೆರಳೆಣಿಕೆಯಷ್ಟು ಜನ, ನೀವು ಹೋಗಿ ಬರೆದುಕೊಟ್ಟು ಬನ್ನಿ.

ಕಲಾತಂಡ, ಮತ್ತು ಅರ್ಜಿಯಲ್ಲಿ ಇರಬೇಕಾದ ಜೀವ

ಕನ್ನಡ ಮತ್ತು ಸಂಸ್ಕೃತಿ ಇಲಾಖೆಯಿಂದ ಎರಡು ರೀತಿಯ ನೆರವು ಕೇಳಬಹುದು. ಒಂದು, ಸಂಘ ಸಂಸ್ಥೆಗಳಿಗೆ ಕೊಡುವ ಧನಸಹಾಯ. ಇದಕ್ಕೆ ವರ್ಷಕ್ಕೊಮ್ಮೆ ಪ್ರಕಟಣೆ ಬರುತ್ತದೆ, ಸೇವಾ ಸಿಂಧು ಪೋರ್ಟಲಿನಲ್ಲಿ ಅರ್ಜಿ. ನೋಂದಣಿ ಪತ್ರ, ಆಡಿಟ್ ವರದಿ, ಹಿಂದಿನ ಕಾರ್ಯಕ್ರಮಗಳ ಫೋಟೋ, ಪತ್ರಿಕಾ ವರದಿ, ಆಹ್ವಾನ ಪತ್ರಿಕೆ ಎಲ್ಲ ಸ್ಕ್ಯಾನ್ ಮಾಡಿ ಏರಿಸಬೇಕು. ಆಗಲೇ ಮಾಡಿದ ಕೆಲಸ ನೋಡಿ ಕೊಡುವ ದುಡ್ಡು ಇದು, ಹೊಸ ಸಂಘಕ್ಕೆ ಮೊದಲ ವರ್ಷವೇ ಆಸೆ ಬೇಡ.

ಇನ್ನೊಂದು, ಪ್ರಾಯೋಜಿತ ಕಾರ್ಯಕ್ರಮ. ಹಳ್ಳಿಗೆ ಇದೇ ಹೆಚ್ಚು ಒಗ್ಗುತ್ತದೆ. ಇಲಾಖೆಯ ಜಿಲ್ಲಾ ಕಚೇರಿಗೆ ಪತ್ರ ಕೊಟ್ಟು, ಇಂಥ ದಿನ ಇಂಥ ಊರಲ್ಲಿ ಸಮಾರಂಭ ಇದೆ, ಒಂದು ಜಾನಪದ ತಂಡದ ಪ್ರಾಯೋಜನೆ ಕೊಡಿ ಅಂತ ಕೇಳುವುದು. ಕಲಾವಿದರ ಸಂಭಾವನೆ ಇಲಾಖೆಯದು. ವೇದಿಕೆ, ಮೈಕು, ಊಟ ನಮ್ಮದು. ಜೂನ್ ತಿಂಗಳಲ್ಲೇ ಪತ್ರ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಆಗಸ್ಟ್ 15ಕ್ಕೆ ಇಡೀ ಜಿಲ್ಲೆಯೇ ತಂಡ ಕೇಳುತ್ತದೆ, ಅದಕ್ಕೇ ನಾವು 14ರ ಸಂಜೆ ಕೇಳುತ್ತೇವೆ. ಒಂದು ದಿನ ಹಿಂದೆ ಸರಿದರೆ ಒಳ್ಳೆಯ ತಂಡ ಸಿಗುತ್ತದೆ, ಊರಿಗೂ ಎರಡು ದಿನದ ಹಬ್ಬವಾಗುತ್ತದೆ.

ಅರ್ಜಿಯಲ್ಲಿ ‘ದೇಶಭಕ್ತಿ ಮೂಡಿಸುವ ಸಾಂಸ್ಕೃತಿಕ ಕಾರ್ಯಕ್ರಮ’ ಅಂತ ಬರೆದರೆ ಅದು ಕಚೇರಿಯ ಮೇಜಿನ ಮೇಲಿರುವ ಇತರ ನೂರು ಅರ್ಜಿಗಳ ಹಾಗೇ ಇರುತ್ತದೆ. ನಮ್ಮ ಕಡೆ ನೆಲವೇ ವಿಷಯ ಕೊಡುತ್ತದೆ. ಮುಧೋಳ ತಾಲ್ಲೂಕಿನ ಹಲಗಲಿಯಲ್ಲಿ 1857ರಲ್ಲಿ ಬೇಡರು ಆಯುಧ ಒಪ್ಪಿಸಬೇಕೆಂಬ ಬ್ರಿಟಿಷರ ಹುಕುಮಿಗೆ ಎದುರು ನಿಂತರು, ಊರೇ ಸುಟ್ಟುಹೋಯಿತು. ಲಾವಣಿಕಾರರು ಅದನ್ನು ಇಂದಿಗೂ ಹಾಡುತ್ತಾರೆ. ಬೆಳಗಾವಿ ಕಡೆಯವರಿಗಂತೂ ಸಂಗೊಳ್ಳಿ ರಾಯಣ್ಣ ಇದ್ದಾನೆ. ಅವನು ಹುಟ್ಟಿದ್ದು 1798ರ ಆಗಸ್ಟ್ 15, ನಂದಗಡದಲ್ಲಿ ಗಲ್ಲಿಗೇರಿದ್ದು 1831ರ ಜನವರಿ 26 ಎಂದು ಜನ ನೆನೆಯುತ್ತಾರೆ. ಎರಡು ರಾಷ್ಟ್ರೀಯ ಹಬ್ಬಗಳ ತಾರೀಕೂ ಒಬ್ಬನೇ ಮನುಷ್ಯನ ಬಾಳಿನಲ್ಲಿ ಕೂಡಿರುವುದು ಬೇರೆಲ್ಲಿ ಸಿಕ್ಕೀತು? 1924ರಲ್ಲಿ ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನ ನಡೆದದ್ದೂ ಬೆಳಗಾವಿಯಲ್ಲೇ. ನಿಮ್ಮ ಊರಿಂದ ಅದಕ್ಕೆ ನಡೆದು ಹೋದ ಅಜ್ಜನ ಕತೆ ಯಾರ ಮನೆಯಲ್ಲಾದರೂ ಇದ್ದರೆ ಅರ್ಜಿಯ ಮೊದಲ ಸಾಲು ಅದೇ ಆಗಲಿ. ನಾವು ‘ಹಲಗಲಿ ದಂಗೆಯ ಲಾವಣಿ, ನಂತರ ಶಾಲಾ ಮಕ್ಕಳಿಂದ ಅದೇ ವಿಷಯದ ರೂಪಕ’ ಅಂತ ಬರೆದ ವರ್ಷ ಮೊದಲ ಸಲ ಕಚೇರಿಯಿಂದಲೇ ತಿರುಗಿ ಫೋನ್ ಬಂತು.

ಉಳಿದ ಬಾಗಿಲುಗಳು, ಬೇಗ ಬೇಗ

ತಾಲ್ಲೂಕು ಮಟ್ಟದಲ್ಲಿ ರಾಷ್ಟ್ರೀಯ ಹಬ್ಬಗಳ ಆಚರಣಾ ಸಮಿತಿ ಇರುತ್ತದೆ. ಜುಲೈನಲ್ಲಿ ತಹಶೀಲ್ದಾರರು ಪೂರ್ವಭಾವಿ ಸಭೆ ಕರೆಯುತ್ತಾರೆ. ಅದು ತಾಲ್ಲೂಕು ಕೇಂದ್ರದ ಸಮಾರಂಭಕ್ಕಾಗಿ, ಹಳ್ಳಿಗೆ ಹಣ ಹಂಚಲಿಕ್ಕಲ್ಲ. ಆದರೂ ಹೋಗಿ ಕೂರಿ. ಎಲ್ಲ ಇಲಾಖೆಯವರೂ ಒಂದೇ ಕೋಣೆಯಲ್ಲಿ ಸಿಗುತ್ತಾರೆ.

ಯುವಜನ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ನಿಮ್ಮ ಯುವಕ ಅಥವಾ ಯುವತಿ ಮಂಡಳದ ಹೆಸರು ಇರಲಿ. ಕೇಂದ್ರದ ‘ಮೈ ಭಾರತ್’ ವೇದಿಕೆಯಲ್ಲೂ ನೋಂದಾಯಿಸಿ. ಇಲ್ಲಿಂದ ದೊಡ್ಡ ಮೊತ್ತದ ನಿರೀಕ್ಷೆ ಬೇಡ, ಕ್ರೀಡಾ ಸಾಮಗ್ರಿ, ಜಾಥಾ, ಸ್ವಚ್ಛತಾ ಕಾರ್ಯಕ್ರಮದ ಸಣ್ಣ ನೆರವು ಸಿಕ್ಕೀತು.

ಮಹಾರಾಷ್ಟ್ರದ ಗಡಿಗೆ ತಾಗಿದ ನಿಪ್ಪಾಣಿ, ಅಥಣಿ, ಖಾನಾಪುರ, ಇಂಡಿ ಕಡೆಯವರಿಗೆ ಕರ್ನಾಟಕ ಗಡಿ ಪ್ರದೇಶಾಭಿವೃದ್ಧಿ ಪ್ರಾಧಿಕಾರ ಎಂಬ ಇನ್ನೊಂದು ಬಾಗಿಲಿದೆ. ಗಡಿ ತಾಲ್ಲೂಕಿನ ಕನ್ನಡ ಕಾರ್ಯಕ್ರಮಗಳಿಗೆ ಅದು ನೆರವು ಕೊಡುತ್ತದೆ. ನಮಗೆ ಬಾಗಲಕೋಟೆಯವರಿಗೆ ಆ ಭಾಗ್ಯವಿಲ್ಲ, ಹೊಟ್ಟೆಕಿಚ್ಚು ಸ್ವಲ್ಪ ಇದೆ.

ಕೇಂದ್ರ ಸಂಸ್ಕೃತಿ ಸಚಿವಾಲಯದ ಕಲಾ ಸಂಸ್ಕೃತಿ ವಿಕಾಸ ಯೋಜನೆಯಲ್ಲಿ ಉತ್ಸವ, ವಿಚಾರ ಸಂಕಿರಣ, ನಾಟಕಗಳಿಗೆ ಸಾಮಾನ್ಯವಾಗಿ 5 ಲಕ್ಷ ರೂಪಾಯಿವರೆಗೆ ಅನುದಾನವಿದೆ. ಒಟ್ಟು ವೆಚ್ಚದ ಶೇ 75 ಅವರದು, ಉಳಿದ ಕಾಲು ಭಾಗ ನಮ್ಮದು. ಬರೀ ಧ್ವಜಾರೋಹಣಕ್ಕೆ ಅಲ್ಲಿ ಜಾಗವಿಲ್ಲ. ನಾಲ್ಕಾರು ವರ್ಷ ಲೆಕ್ಕ ಚೊಕ್ಕ ಇಟ್ಟ, ಎರಡು ದಿನದ ಜಾನಪದ ಉತ್ಸವ ಮಾಡುವ ತಾಕತ್ತಿರುವ ಸಂಘಕ್ಕೆ ಮಾತ್ರ ಇದು.

ಇನ್ನು ಶಾಸಕರ, ಸಂಸದರ ಪ್ರದೇಶಾಭಿವೃದ್ಧಿ ನಿಧಿ. ಪ್ರತಿ ಸಭೆಯಲ್ಲೂ ಈ ಹೆಸರು ಬರುತ್ತದೆ. ಅದು ಬಾಳಿಕೆ ಬರುವ ಆಸ್ತಿಗೆ ಇರುವ ಹಣ, ಒಂದು ದಿನದ ಹಬ್ಬಕ್ಕೆ ಬರುವುದಿಲ್ಲ. ಆದರೆ ಬಯಲು ರಂಗಮಂದಿರ ಕಟ್ಟಿಸಲಿಕ್ಕೆ ಕೇಳಿ. ವೇದಿಕೆ ಒಮ್ಮೆ ಕಟ್ಟಿತೆಂದರೆ ವರ್ಷಾ ವರ್ಷಾ ಸ್ಟೇಜಿನ ಬಾಡಿಗೆ ಉಳಿಯುತ್ತದೆ, ಜಾತ್ರೆಯ ನಾಟಕಕ್ಕೂ ಆಯಿತು.

ಬಾವುಟ ಮಾತ್ರ ಸ್ವಂತ ದುಡ್ಡಿನಲ್ಲಿ

ಪ್ಲಾಸ್ಟಿಕ್ ಬಾವುಟ ಬೇಡವೇ ಬೇಡ. ಧ್ವಜ ಸಂಹಿತೆಗೆ 2021ರ ಡಿಸೆಂಬರ್‌ನಲ್ಲಿ ಆದ ತಿದ್ದುಪಡಿಯಿಂದ ಪಾಲಿಯೆಸ್ಟರ್, ಯಂತ್ರದಲ್ಲಿ ತಯಾರಾದ ಧ್ವಜಕ್ಕೂ ಅನುಮತಿ ಸಿಕ್ಕಿದೆ. ಆದರೂ ಬಾಗಲಕೋಟೆ ಜಿಲ್ಲೆಯವರು ಪಾಲಿಯೆಸ್ಟರ್ ಏರಿಸುವುದನ್ನು ಕಂಡರೆ ನನಗೆ ಸಂಕಟ. ಹುಬ್ಬಳ್ಳಿ ಬೆಂಗೇರಿಯ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ಹೊಲಿಯುವ ರಾಷ್ಟ್ರಧ್ವಜದ ಬಟ್ಟೆ ನೇಯುವುದು ನಮ್ಮ ತುಳಸಿಗೇರಿಯಲ್ಲಿ. ಹನುಮಪ್ಪನ ದರ್ಶನಕ್ಕೆ ಹೋಗುತ್ತೇವಲ್ಲ, ಅದೇ ತುಳಸಿಗೇರಿ. ಅಲ್ಲಿನ ಹೆಣ್ಣುಮಕ್ಕಳ ಕೈಯಲ್ಲಿ ಬೆಳೆದ ಬಟ್ಟೆ ದೇಶವೆಲ್ಲ ಹಾರಾಡುತ್ತಿರುವಾಗ ನಮ್ಮೂರ ಕಂಬದ ಮೇಲೆ ಬೇರೆಯದು ಯಾಕೆ? ಶಾಲೆ, ಪಂಚಾಯಿತಿಯ ಕಂಬಕ್ಕೆ 900 x 600 ಮಿಲಿಮೀಟರ್ ಅಳತೆಯದು ಹಿಡಿಸುತ್ತದೆ. ಜುಲೈನಲ್ಲೇ ಕೊಂಡುಬಿಡಿ, ಆಗಸ್ಟಿನಲ್ಲಿ ನೂಕುನುಗ್ಗಲು. ದಾನಿಗಳ ಹೆಸರು ಬ್ಯಾನರಿನ ಮೇಲೆ ಇರಲಿ, ಬಾವುಟದ ಮೇಲೆ ಒಂದು ಅಕ್ಷರವೂ ಬರೆಯಬಾರದು.

ಅನುಮತಿಯ ವಿಷಯ ಚಿಕ್ಕದು. ಧ್ವನಿವರ್ಧಕಕ್ಕೆ ಪೊಲೀಸ್ ಠಾಣೆಯಲ್ಲಿ ಅರ್ಜಿ ಕೊಡಿ, ರಾತ್ರಿ 10ಕ್ಕೆ ಮೈಕು ಬಂದ್ ಆಗಬೇಕು. ಶಾಲಾ ಮೈದಾನಕ್ಕೆ ಮುಖ್ಯೋಪಾಧ್ಯಾಯರು ಮತ್ತು ಎಸ್‌ಡಿಎಂಸಿಯ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಒಪ್ಪಿಗೆ ಪತ್ರ. ವಿದ್ಯುತ್ತಿಗೆ ಹೆಸ್ಕಾಂನಿಂದ ತಾತ್ಕಾಲಿಕ ಸಂಪರ್ಕ. ತಂತಿಗೆ ಕೊಕ್ಕೆ ಹಾಕುವ ಚಾಳಿ ಇದ್ದರೆ ಈ ಸಲಕ್ಕೆ ಬಿಡಿ, ಆಗಸ್ಟಿನ ಮಳೆ, ಕೆಳಗೆ ಮಕ್ಕಳು.

ಬಿಲ್ಲು: ಎಲ್ಲರೂ ಬೀಳುವ ಗುಂಡಿ

ನಮ್ಮ ಎರಡನೆಯ ವರ್ಷದ ಕತೆ ಹೇಳುತ್ತೇನೆ. ಠರಾವು ಇತ್ತು, ಬಜೆಟ್ಟಿನಲ್ಲಿ ಸಾಲೂ ಇತ್ತು. ಹಬ್ಬ ಚೆಂದ ಆಯಿತು. ಒಂದು ವಾರದ ಮೇಲೆ ಫೈಲು ಹಿಡಿದು ಹೋದೆ. ಗುಮಾಸ್ತರು ಒಂದೊಂದೇ ಹಾಳೆ ತಿರುವಿ ಹಾಕಿದರು. ಶಾಮಿಯಾನದ ಬಿಲ್ಲಿನ ತಾರೀಕಿನ ಮೇಲೆ ಎಡಗೈ ಬೆರಳು ಇಟ್ಟರು: ಆಗಸ್ಟ್ 14. ಕೊಟೇಶನ್ನಿನ ಮೇಲೆ ಬಲಗೈ ಬೆರಳು ಇಟ್ಟರು: ಆಗಸ್ಟ್ 18. ತಲೆ ಎತ್ತಿ ನನ್ನ ಮುಖ ನೋಡಿ ಕೇಳಿದರು, ‘ಪೆಂಡಾಲ್ ಹಾಕಿಸಿದ ಮ್ಯಾಲೆ ರೇಟ್ ಕೇಳೀರೇನ್ರೀ?’

ಏನು ಹೇಳಲಿ. ಹಬ್ಬದ ಗಡಿಬಿಡಿಯಲ್ಲಿ ಒಬ್ಬರಿಗೇ ಫೋನ್ ಮಾಡಿ ಪೆಂಡಾಲು ಹಾಕಿಸಿ, ಆಮೇಲೆ ಮೂರು ಕೊಟೇಶನ್ ಕೂಡಿಸಿದ್ದೆವು. ಮೇಲಾಗಿ ಬಿಲ್ಲು ನಮ್ಮ ಅಧ್ಯಕ್ಷರ ಹೆಸರಿನಲ್ಲಿತ್ತು. ಅದರಲ್ಲಿ ನಂಬರೂ ಇಲ್ಲ, ಅಂಗಡಿಯ ಮುದ್ರೆಯೂ ಇಲ್ಲ. ಆ ದುಡ್ಡು ಬರಲೇ ಇಲ್ಲ. ಪದಾಧಿಕಾರಿಗಳು ತಲಾ ಇಷ್ಟು ಅಂತ ಹಾಕಿ ತೀರಿಸಿದೆವು. ನನ್ನ ಪಾಲಿಗೆ ಬಂದದ್ದನ್ನು ಮನೆಯಲ್ಲಿ ಇನ್ನೂ ಹೇಳಿಲ್ಲ.

ಅಂದಿನಿಂದ ನಮ್ಮ ಕ್ರಮ ಹೀಗೆ. ಜುಲೈನಲ್ಲೇ ಮೂರು ಕಡೆ ಲಿಖಿತ ದರ ತರುತ್ತೇವೆ. ಮೂರನ್ನೂ ಒಂದೇ ಹಾಳೆಯಲ್ಲಿ ಹೋಲಿಸಿ ಬರೆದು ಪಂಚಾಯಿತಿಗೆ ಕೊಡುತ್ತೇವೆ. ಕಡಿಮೆ ದರದವರಿಗೆ ಪಂಚಾಯಿತಿಯಿಂದಲೇ ಕಾರ್ಯಾದೇಶ ಹೋಗುತ್ತದೆ. ಕಾರ್ಯಾದೇಶ ಕೈಗೆ ಬಂದ ಮೇಲೆ ಕಂಬ ನೆಡುವುದು, ಅದಕ್ಕೆ ಮೊದಲು ಒಂದು ಗೂಟವೂ ಇಲ್ಲ. ಬಿಲ್ಲು ಠರಾವಿನಲ್ಲಿ ಯಾರ ಹೆಸರಿದೆಯೋ ಅವರ ಹೆಸರಿಗೇ ಇರಬೇಕು. ಬಿಲ್ ನಂಬರು, ತಾರೀಕು, ಜಿಎಸ್‌ಟಿ ನೋಂದಣಿ ಇದ್ದರೆ ಅದರ ಸಂಖ್ಯೆ, ಎಷ್ಟು ಚದರ ಅಡಿ, ಎಷ್ಟು ಕುರ್ಚಿ, ಎಷ್ಟು ದಿನ, ಎಲ್ಲ ಬರೆಸಬೇಕು. ‘ಪೆಂಡಾಲ್ ಒಟ್ಟು’ ಅಂತ ಒಂದೇ ಸಾಲು ಬರೆದ ಬಿಲ್ಲು ತರಬೇಡಿ. ಸಂಘದ ಖಾತೆಯಿಂದ ಕೊಡುವ ದುಡ್ಡಿಗೂ ರಸೀದಿ ಬೇಕು, 5,000 ರೂಪಾಯಿ ದಾಟಿದರೆ 1 ರೂಪಾಯಿಯ ರೆವಿನ್ಯೂ ಸ್ಟಾಂಪ್ ಹಚ್ಚಿ ಅದರ ಮೇಲೆ ಸಹಿ. ಈ ಸ್ಟಾಂಪ್ ಹಳ್ಳಿಯಲ್ಲಿ ಸಿಗುವುದಿಲ್ಲ. ಅಂಚೆ ಕಚೇರಿಯಿಂದ ಹತ್ತು ತಂದು ಫೈಲಿನ ಒಳಬದಿಗೆ ಸಿಕ್ಕಿಸಿಡಿ.

ಫೋಟೋ ತೆಗೆಯುವ ಹುಡುಗನಿಗೆ ಮೊದಲೇ ಹೇಳಿ. ಗಣ್ಯರ ಫೋಟೋ ಎಷ್ಟಿದ್ದರೂ ಫೈಲಿಗೆ ಪ್ರಯೋಜನವಿಲ್ಲ. ಬ್ಯಾನರ್ ಕಾಣುವಂತೆ ಪೂರ್ತಿ ಪೆಂಡಾಲು, ಕೂತ ಜನ, ವೇದಿಕೆಯ ಮೇಲಿನ ಕಲಾತಂಡ, ನೀರಿನ ಟ್ಯಾಂಕರ್ ಇವು ಬೇಕು. ಮೊಬೈಲಿನಲ್ಲಿ ತಾರೀಕು, ಜಾಗ ಮೂಡುವ ಹಾಗೆ ಸೆಟ್ಟಿಂಗ್ ಮಾಡಿಕೊಂಡರೆ ಇನ್ನೂ ಒಳ್ಳೆಯದು.

ಇಲಾಖೆಯ ಧನಸಹಾಯ ಮಂಜೂರಾಗಿದ್ದರೆ ಇನ್ನೆರಡು ಕೆಲಸ. ಸರ್ಕಾರ ಹಣ ಪಾವತಿಸುವ ರಾಜ್ಯದ ಖಜಾನೆ-2 ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ಸಂಘದ ಹೆಸರಿಗೆ ರೆಸಿಪಿಯೆಂಟ್ ಐಡಿ (ಹಣ ಪಡೆಯುವವರ ಗುರುತಿನ ಸಂಖ್ಯೆ) ಆಗಬೇಕು. ಪಾನ್ ಕಾರ್ಡಿನ ಹೆಸರು, ಪಾಸ್‌ಬುಕ್ಕಿನ ಹೆಸರು, ನೋಂದಣಿ ಪತ್ರದ ಹೆಸರು ಮೂರೂ ಅಕ್ಷರಕ್ಕೆ ಅಕ್ಷರ ಒಂದೇ ಇರಲಿ, ‘ಸಂಘ’, ‘ಸಂಘ (ರಿ)’ ಎಂಬ ವ್ಯತ್ಯಾಸಕ್ಕೂ ಹಣ ವಾಪಸು ಹೋದೀತು. ಹಣ ಖರ್ಚಾದ ಮೇಲೆ ಹಣ ಬಳಕೆ ಪ್ರಮಾಣಪತ್ರ ಕೊಡಬೇಕು. ಕೇಂದ್ರದ ದುಡ್ಡಾದರೆ ಅದಕ್ಕೆ ಜಿಎಫ್‌ಆರ್ (ಕೇಂದ್ರದ ಸಾಮಾನ್ಯ ಹಣಕಾಸು ನಿಯಮಗಳು) 12-ಎ ನಮೂನೆ ಇದೆ. ಹಿಂದಿನ ವರ್ಷದ ಪ್ರಮಾಣಪತ್ರ ಕೊಡದವರ ಹೊಸ ಅರ್ಜಿ ಮೇಲೇಳುವುದಿಲ್ಲ.

ಜನವರಿ 26ಕ್ಕೆ ಇದೇ ಕ್ರಮ, ಆದರೆ ಇಲಾಖೆಯ ದುಡ್ಡು ಅಷ್ಟು ಹೊತ್ತಿಗೆ ತಳ ಕಂಡಿರುತ್ತದೆ. ಬಿಲ್ಲುಗಳು ಮಾರ್ಚ್ ನೂಕುನುಗ್ಗಲಿಗೆ ಸಿಕ್ಕುವ ಮೊದಲೇ, ಫೆಬ್ರುವರಿ ಮೊದಲ ವಾರದಲ್ಲಿ ಕೊಟ್ಟುಬಿಡಿ. ಪ್ರತಿ ಕಾಗದದ್ದೂ ಮೂರು ಪ್ರತಿ ಮಾಡಿ: ಒಂದು ಕಚೇರಿಗೆ, ಒಂದು ಸಂಘದ ಫೈಲಿಗೆ, ಇನ್ನೊಂದು ನಿಮ್ಮ ಮನೆಯ ಟ್ರಂಕಿಗೆ. ಸಂಘದ ಫೈಲು ಚುನಾವಣೆಯ ವರ್ಷ ಯಾರ ಮನೆಗೆ ಹೋಗುತ್ತದೋ ಹೇಳಲಾಗುವುದಿಲ್ಲ.